ಕಡಲ ದಂಡೆ, ಹೊಳೆಯ ದಂಡೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಪ್ರಕೃತಿ, ಸೇವೆ ಮತ್ತು ಪ್ರವಾಸಗಳಲ್ಲಿ ಭಗವಂತನ ಮಹಿಮೆ’ ಎಂಬ ವಿಷಯವಾಗಿ ನಾನು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ಹಿರಿದು, ನಾನು ಕಿರಿಯವನು. ವೇದಾಂತ ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡುವುದು ನನ್ನ ಕಸಬು. ಆದಕಾರಣ ಈ ವಿಷಯವನ್ನೂ ಆ ಕಣ್ಣಿನಿಂದಲೇ ನೋಡಿದ್ದೇನೆ. ಬಲ್ಲವರು ಮನ್ನಿಸಬೇಕು.

ನಾನು ಈ ವಿಶಾಖಪಟ್ಟಣಕ್ಕೆ ಮೊದಲು ಬಂದದ್ದು 2013ರಲ್ಲಿ, ಕೆಲಸ ಸಿಕ್ಕಿದ ಹೊಸತರಲ್ಲಿ. ಬಾಗಲಕೋಟೆ ಕಡೆಯವನು, ಅದುವರೆಗೆ ಕಡಲನ್ನು ಚಿತ್ರದಲ್ಲಲ್ಲದೆ ಕಂಡವನಲ್ಲ. ಬಂದ ಮರುದಿನ ಬೆಳಗಿನ ಜಾವ ರಾಮಕೃಷ್ಣ ಬೀಚಿಗೆ ಹೋಗಿ ನಿಂತೆ. ಎದುರಿಗೆ ನೀರಿನೊಳಗಿಂದಲೇ ಸೂರ್ಯ ಎದ್ದು ಬಂದ. ಬಲಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡ, ಎಡಕ್ಕೆ ಕೈಲಾಸಗಿರಿ. ನನ್ನ ಕೈ ತಾನಾಗಿ ಮುಗಿಯಿತು. ಇಂಥ ಕಡೆ ದೇವರ ಮಹಿಮೆ ಕಾಣುವುದಕ್ಕೆ ಯಾವ ಸಾಧನೆಯೂ ಬೇಡ. ಬೇಗ ಏಳುವ ಅಭ್ಯಾಸವಿದ್ದರೆ ಸಾಕು.

ಅದರ ಮರುವರ್ಷವೇ ಹುದ್‌ಹುದ್ ಬಂತು. 2014ರ ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಎಂದರೆ ಒಂದು ಹಕ್ಕಿ, ನಾವು ಚಂದ್ರಮುಕುಟ ಎನ್ನುತ್ತೇವೆ. ಅಷ್ಟು ಚಂದದ ಹಕ್ಕಿಯ ಹೆಸರಿನಲ್ಲಿ ಬಂದ ಗಾಳಿ ಗಂಟೆಗೆ 180 ಕಿಲೋಮೀಟರಿನ ಆಸುಪಾಸಿನಲ್ಲಿ ಬೀಸಿ ಊರನ್ನು ಕಿತ್ತು ಹಾಕಿತು. ನಿಮ್ಮಲ್ಲಿ ಅನೇಕರು ಆ ದಿನ ಇಲ್ಲಿಯೇ ಇದ್ದಿರಿ, ನಾನು ಹೇಳಬೇಕಾದ್ದಿಲ್ಲ. ಮಾರನೆಯ ದಿನ ನೋಡಿದರೆ ಹಸುರಾಗಿದ್ದ ಕೈಲಾಸಗಿರಿ ಬೆಂಕಿ ಬಿದ್ದ ಗುಡ್ಡದಂತೆ ಕಂದಾಗಿತ್ತು. ನಮ್ಮ ಸಂಘದ ಕೆಲವು ಮನೆಗಳವರು ಸೇರಿ ಚಿತ್ರಾನ್ನ ಮಾಡಿ ಹಂಚಿದರು. ನಾನು ಬ್ರಹ್ಮಚಾರಿ, ಅಡಿಗೆ ಬಾರದವನು, ಪಾತ್ರೆ ಹೊತ್ತೆ. ಸೇವೆ ಎಂಬ ಶಬ್ದಕ್ಕೂ ನನಗೂ ಪರಿಚಯವಾದದ್ದು ಆ ಪಾತ್ರೆಯ ಹಿಡಿಕೆಯಿಂದ.

ಆಮೇಲೆ ಗೆಳೆಯನೊಬ್ಬ ನನ್ನನ್ನು ಆಮೆಯ ಕೆಲಸಕ್ಕೆ ಎಳೆದುಕೊಂಡು ಹೋದ. ಜನವರಿಯಿಂದ ಬೇಸಗೆಯ ಮೊದಲವರೆಗೆ ನಮ್ಮ ಈ ದಂಡೆಗೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಹೊತ್ತು ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಒಂದೊಂದು ಗುಳಿಯಲ್ಲಿ ನೂರರ ಹತ್ತಿರ ಮೊಟ್ಟೆ. ನಾಯಿ ನರಿಗಳ ಬಾಯಿಗೆ ಬೀಳದಂತೆ ಅವನ್ನು ಎತ್ತಿ, ಅರಣ್ಯ ಇಲಾಖೆಯವರು ಬೇಲಿ ಹಾಕಿದ ಜಾಗದಲ್ಲಿ ಮತ್ತೆ ಹೂಳಬೇಕು. ಸುಮಾರು ಐವತ್ತು ದಿನಕ್ಕೆ ಮರಿ ಹೊರಬರುತ್ತದೆ. ಸೋಜಿಗವೇನೆಂದರೆ, ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಬಿಸಿ ಹೆಚ್ಚಾದರೆ ಹೆಣ್ಣು. ಅಂಗೈಯಗಲವೂ ಇಲ್ಲದ ಮರಿ ಯಾರೂ ಕಲಿಸದೆ ಬೆಳಕಿನ ಕಡೆಗೆ, ಎಂದರೆ ಕಡಲಿನ ಕಡೆಗೆ, ತೆವಳುತ್ತದೆ. ರಸ್ತೆಯ ದೀಪ ಹೆಚ್ಚು ಬೆಳಗಿದರೆ ಪಾಪ, ರಸ್ತೆಯ ಕಡೆಗೇ ಹೊರಟುಬಿಡುತ್ತದೆ. ಬದುಕಿ ಬೆಳೆದ ಹೆಣ್ಣಾಮೆ ವರ್ಷಗಳ ಮೇಲೆ ತಾನು ಹುಟ್ಟಿದ ಕರಾವಳಿಗೇ ಮೊಟ್ಟೆಯಿಡಲು ಬರುತ್ತದಂತೆ. ಹುಟ್ಟಿದ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿ ಹಾಕಿ ಸೋತ ನಮ್ಮಂಥ ಗುಮಾಸ್ತರಿಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಆಮೆಯ ಮಾತು ಬಂದದ್ದರಿಂದ ಪ್ರವಾಸದ ಮಾತೂ ಬಂತು. ಇಲ್ಲಿಂದ ಉತ್ತರಕ್ಕೆ ಶ್ರೀಕಾಕುಳಂ ಬಳಿಯ ಶ್ರೀಕೂರ್ಮಕ್ಕೆ ಒಮ್ಮೆ ಹೋಗಿದ್ದೆ. ವಿಷ್ಣು ಅಲ್ಲಿ ಕೂರ್ಮರೂಪದಲ್ಲಿದ್ದಾನೆ. ಅಲ್ಲಿ ನರಹರಿತೀರ್ಥರ 1281ರ ಶಾಸನವುಂಟು. ಮಧ್ವಾಚಾರ್ಯರ ಶಿಷ್ಯರು, ಕಳಿಂಗದ ಗಂಗರಸರ ಕಾಲದಲ್ಲಿ ರಾಜ್ಯಭಾರ ಹೊತ್ತವರು, ಕನ್ನಡದಲ್ಲಿ ದೇವರನಾಮ ರಚಿಸಿದ ಮೊದಲಿಗರೆಂದು ಎಣಿಸಲ್ಪಡುವವರು. ನಮ್ಮ ಸಿಂಹಾಚಲದಲ್ಲಿಯೂ ಅವರ ಗುರುತು ಉಂಟು. ಅಲ್ಲಿಗೆ 1516ರಲ್ಲಿ ಕೃಷ್ಣದೇವರಾಯ ಬಂದು ಹೋದುದನ್ನೂ ಶಾಸನ ಹೇಳುತ್ತದೆ. ನಾವು ಪರಸ್ಥಳದವರು ಎಂದು ಕೊರಗುವಾಗ ಈ ಕಲ್ಲುಗಳನ್ನು ನೆನೆಸಿಕೊಳ್ಳುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಭಾಷಣ ಚೆನ್ನಾಗಿಯೇ ಇರುತ್ತಿತ್ತು. ಆದರೆ 2019ರಲ್ಲಿ ನನಗೆ ಬೆಜವಾಡೆಗೆ ವರ್ಗವಾಯಿತು.

ವಿಜಯವಾಡೆಗೆ ಹೋಗುವಾಗ ನನಗೆ ಒಂದು ಸಂತೋಷವಿತ್ತು. ಅಲ್ಲಿ ಹರಿಯುವುದು ನಮ್ಮ ಕೃಷ್ಣೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿಯಲ್ಲಿ ನಿಂತು, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು, ಕೊನೆಗೆ ಇಂದ್ರಕೀಲಾದ್ರಿಯ ಕನಕದುರ್ಗಮ್ಮನ ಪಾದದಡಿಗೆ ಬರುವ ನೀರು. 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತರೆ ತವರಿನಿಂದ ಯಾರೋ ಬಂದಂತೆ ಅನ್ನಿಸುತ್ತಿತ್ತು. ಆದರೆ ಆ ಹೊಳೆಯೊಡನೆ ನಮ್ಮ ಮನೆತನಕ್ಕೆ ಒಂದು ಹಳೆಯ ಲೆಕ್ಕವೂ ಉಂಟು. ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮ ಆಯಿಯ ಮನೆ ಹೋಯಿತು. ಆಯಿ ಪುನರ್ವಸತಿ ಊರಿಗೆ ಬಂದ ಮೇಲೂ ಬೆಳಗ್ಗೆ ಎದ್ದು ಹೊಳೆಯ ದಿಕ್ಕಿಗೆ ಕೈ ಮುಗಿಯುತ್ತಿದ್ದಳು. ‘ಮನಿ ನುಂಗಿದ ಹೊಳಿಗೆ ಯಾಕ ಕೈ ಮುಗಿತಿ?’ ಎಂದು ನಾನು ಕೇಳಿದ್ದೆ. ‘ಹೊಳಿ ಏನ್ ಮಾಡೀತೋ, ಕಟ್ಟಿದವ್ರು ನಾವು’ ಎಂದಳು. ಆಗ ಅದು ನನಗೆ ಮುದುಕಿಯ ಮಾತಾಗಿ ಕೇಳಿಸಿತ್ತು.

2024ರ ಸೆಪ್ಟೆಂಬರ್ 1, ಅದೂ ಭಾನುವಾರ. ಹಿಂದಿನ ದಿನದಿಂದ ಮಳೆ. ಊರನ್ನು ಮುಳುಗಿಸಿದ್ದು ಕೃಷ್ಣೆಯಲ್ಲ, ಬುಡಮೇರು ಎಂಬ ಹಳ್ಳ. ಮೈಲವರಂ ಕಡೆಯ ಗುಡ್ಡಗಳಿಂದ ಇಳಿದು ಕೊಲ್ಲೇರು ಸರೋವರಕ್ಕೆ ಹೋಗಬೇಕಾದದ್ದು. ಪ್ರವಾಹದ ನೀರನ್ನು ಕೃಷ್ಣೆಗೆ ತಿರುಗಿಸಲು ಒಂದು ಕಾಲುವೆ ಉಂಟು. ಅದರ ಏರಿ ಒಡೆಯಿತು. ಕೃಷ್ಣೆಯೂ ಆಗ ತುಂಬಿ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸ್ ಮೀರಿ ಹರಿಯುತ್ತಿದ್ದುದರಿಂದ ಹಳ್ಳದ ನೀರಿಗೆ ಹೋಗಲು ದಾರಿಯಿರಲಿಲ್ಲ. ಹಳ್ಳದ ಹಳೆಯ ಪಾತ್ರದಲ್ಲಿ ಮನೆಗಳೆದ್ದಿದ್ದವು. ಸಿಂಗ್‌ನಗರ ಮತ್ತು ಸುತ್ತಣ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು.

ನಾನು ಆ ದಿನ ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನಮ್ಮದು ಎತ್ತರದ ಕಡೆ, ಮೂರನೆಯ ಮಹಡಿ. ಕರೆಂಟಿಲ್ಲವೆಂದು ಗೊಣಗಿದೆ, ಬಾಲ್ಕನಿಯಲ್ಲಿ ಕುಳಿತು ಚಹಾ ಕುಡಿದೆ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನನ್ನ ಹೆಂಡತಿ, ‘ಏನ್ರೀ, ಆಮಿ ಮರಿ ಅಂದ್ರ ರಾತ್ರೆಲ್ಲಾ ಓಡತಿದ್ರಿ. ಇವು ಮನಷ್ಯಾರ ಮರಿ ಅಲ್ಲೇನು?’ ಎಂದಳು. ಗೌರಿಹಬ್ಬ ಮೂರು ದಿನವಿತ್ತು. ಹಬ್ಬಕ್ಕೆ ತೆಗೆದಿಟ್ಟ ಹಣದಲ್ಲಿ ಹಾಲು, ನೀರು, ಬಿಸ್ಕತ್ತು ತಂದು ಸಿಂಗ್‌ನಗರದ ಮೇಲ್ಸೇತುವೆಗೆ ಹೋದೆ. ಅಲ್ಲಿ ನನ್ನಂಥವರು ನೂರಾರು ಜನ ಇದ್ದರು. ಯಾರ ಹೆಸರನ್ನು ಯಾರೂ ಕೇಳಲಿಲ್ಲ.

ಸೊಂಟದ ಮಟ್ಟದ ಕಪ್ಪು ನೀರಿನಲ್ಲಿ ನಡೆದೆವು. ಒಂದು ಮನೆಯ ಮಹಡಿಯಿಂದ ಮುದುಕಿಯೊಬ್ಬಳು ಹಗ್ಗ ಕಟ್ಟಿದ ಬಕೆಟ್ಟು ಇಳಿಬಿಟ್ಟಳು. ನಾಲ್ಕು ಪ್ಯಾಕೆಟ್ಟು ಹಾಲು ಹಾಕಿದೆ. ಎರಡನ್ನು ವಾಪಸು ಇಳಿಸಿದಳು. ‘ಪಕ್ಕಿಂಟಿ ವಾಳ್ಳಕಿ ಇವ್ವು ಬಾಬು, ಪಸಿಪಿಲ್ಲ ಉಂದಿ’ ಎಂದಳು. ಪಕ್ಕದ ಮನೆಗೆ ಹೋದೆ, ಅಲ್ಲಿ ಹಸುಗೂಸು ಇತ್ತು.

ಸಂಜೆ ಸೇತುವೆಯ ಮೇಲೆ ಒಬ್ಬ ಆಟೋದವನು ಪಕ್ಕದಲ್ಲಿ ಕುಳಿತ. ಸಾಲ ಮಾಡಿ ಕೊಂಡ ಅವನ ಆಟೋ ನೀರಿನಡಿ ಇತ್ತು. ನನ್ನ ಹಣೆಯ ವಿಭೂತಿ ನೋಡಿ, ‘ಸಾರ್, ಈ ನೀರನ್ನು ಕಳಿಸಿದ್ದೂ ನಿಮ್ಮ ದೇವರೇ ತಾನೆ?’ ಎಂದು ಕೇಳಿದ. ಕುಹಕವಲ್ಲ, ನಿಜವಾಗಿಯೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ. ಸೂರ್ಯೋದಯವನ್ನು ಅವನ ಹೆಸರಿಗೆ ಜಮಾ ಮಾಡಿ, ಪ್ರವಾಹವನ್ನು ಯಾರ ಖಾತೆಗೂ ಹಾಕದೆ ಬಿಟ್ಟರೆ ಅದು ಕಳ್ಳ ಲೆಕ್ಕ. ಮಳೆ ಅವನದಿರಬಹುದು, ಹಳ್ಳದ ಪಾತ್ರದಲ್ಲಿ ಮನೆ ಕಟ್ಟಲು ಬಿಟ್ಟದ್ದು ಅವನದಲ್ಲ. ಆಯಿಯ ಮಾತು ಅಂದು ನೆನಪಿಗೆ ಬಂತು. ಆದರೆ ಅದನ್ನು ಆಟೋದವನಿಗೆ ಹೇಳುವ ಮುಖ ನನಗಿರಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತನ್ನು ಇಬ್ಬರೂ ತಿಂದೆವು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನೀರು ಇಳಿದ ಮೇಲೆ ನಮ್ಮ ಕೌಂಟರಿಗೆ ಕೆಸರಿನ ವಾಸನೆಯ ಪಾಸ್‌ಬುಕ್ಕುಗಳು, ಒದ್ದೆ ನೋಟುಗಳು ಬರತೊಡಗಿದವು. ನಾಲ್ಕು ಮನೆಯ ಅಡಿಗೆ ಮಾಡುವ ಹೆಂಗಸೊಬ್ಬಳು ಸ್ಟೀಲಿನ ಡಬ್ಬಿ ತಂದಳು. ಮಗಳ ಕಾಲೇಜಿಗೆಂದು ಕೂಡಿಟ್ಟದ್ದು, ಐನೂರರ ಐವತ್ತು ನೋಟು ಎಂದಳು. ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಎಳೆದರೆ ಹರಿಯುತ್ತಿತ್ತು. ಊಟದ ಬಿಡುವಿನಲ್ಲಿ ಫ್ಯಾನಿನ ಕೆಳಗೆ ಕುಳಿತು ಒಂದೊಂದಾಗಿ ಬಿಡಿಸಿದೆ. ಸಹೋದ್ಯೋಗಿಗಳೂ ಕೈ ಹಾಕಿದರು. ನಲವತ್ತೊಂಬತ್ತು ಬಂತು. ಎರಡು ಸಲ ಎಣಿಸಿದೆ, ಡಬ್ಬಿ ತಡಕಿದೆ, ಮೇಜಿನ ಕೆಳಗೂ ಬಗ್ಗಿ ನೋಡಿದೆ. ನನ್ನ ಕೈಯಲ್ಲಿ ಒಂದು ಹೋಯಿತೆಂದು ಬೆವರಿಳಿಯಿತು.

ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಹುಡುಕಬೇಡಿ ಸಾರ್, ಈಗ ನೆನಪಾಯಿತು. ಅದನ್ನು ದೋಣಿಯವನಿಗೆ ಕೊಟ್ಟೆ’ ಎಂದಳು.

‘ಐನೂರು ತೆಗೆದುಕೊಂಡನೇ?’ ಎಂದೆ. ನನಗೆ ಸಿಟ್ಟು ಬಂದಿತ್ತು.

‘ಅವನು ನೂರು ಕೇಳಿದ. ಅವನ ಮನೆಯೂ ಮುಳುಗಿತ್ತು ಸಾರ್’ ಎಂದಳು.

ಚಲನಿನಲ್ಲಿ ಇಪ್ಪತ್ತನಾಲ್ಕು ಸಾವಿರದ ಐನೂರು ಎಂದು ಬರೆದು, ಸೀಲು ಹಾಕಿ ಕೊಟ್ಟೆ. ಆಕೆ ಡಬ್ಬಿಯನ್ನು ಸೆರಗಿನಿಂದ ಒರೆಸಿಕೊಂಡು ಹೋದಳು.