ಕಡಲ ದಡದಲ್ಲಿ ದೀಪವಾರಿಸಿ



ಚಳಿಗಾಲ ಬಂತೆಂದರೆ ಉತ್ತರ ಕನ್ನಡದ ಕಡಲ ದಂಡೆಯಲ್ಲಿ ಟೆಂಟುಗಳು ಏಳುತ್ತವೆ. ಬೆಂಗಳೂರು, ಹುಬ್ಬಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಜನ ಬರುತ್ತಾರೆ. ರಾತ್ರಿ ಮರದ ಕೆಳಗೆ ಮಲಗಬೇಕು, ಬೆಳಗಾದೊಡನೆ ನೀರಿಗಿಳಿಯಬೇಕು. ಎಂಥ ಒಳ್ಳೆಯ ಆಸೆ!

ಕಾರವಾರದ ಹತ್ತಿರ ಕಾಳಿ ನದಿ ಸಮುದ್ರ ಸೇರುವಲ್ಲಿ ದೇವಬಾಗವಿದೆ. ಅಲ್ಲಿ ಮರಳ ದಂಡೆಯುದ್ದಕ್ಕೂ ಗಾಳಿಮರದ ತೋಪು. ಬರೀ ಮರಳಿನಲ್ಲಿ ಈ ಮರ ಬದುಕುವುದೇ ಒಂದು ಸೋಜಿಗ. ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತವೆ. ಟೆಂಟಿನೊಳಗೆ ಮಲಗಿದವರಿಗೆ ಕೇಳುತ್ತಿರುವುದು ಅಲೆಯ ಸದ್ದೋ ಮರದ ಸದ್ದೋ ಎಂದು ತಿಳಿಯುವುದಿಲ್ಲ.

1880ರ ದಶಕದಲ್ಲಿ ಯುವಕ ರವೀಂದ್ರನಾಥ ಟಾಗೋರರು ಕಾರವಾರಕ್ಕೆ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯೇರಿ ಹೋದವರು, ಹಿಂತಿರುಗುವಾಗ ಅಳಿವೆಯಲ್ಲಿ ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದಡದ ಗಾಳಿಮರಗಳನ್ನೂ ಅವರು ಮರೆತಿಲ್ಲ.

ಅಂಥ ಬರಿಯ ಬೆಳದಿಂಗಳ ದಡ ಈಗ ಅಪರೂಪವಾಗುತ್ತಿದೆ. ಅದರ ಬಗ್ಗೆಯೇ ನಾನಿಂದು ಹೇಳಬೇಕಾಗಿರುವುದು.

ನಾವು ಟೆಂಟು ಹೊತ್ತು ಬರುವ ತಿಂಗಳುಗಳಲ್ಲೇ ಇನ್ನೊಬ್ಬಳು ಅತಿಥಿ ಈ ದಡಕ್ಕೆ ಬರುತ್ತಾಳೆ. ಆಲಿವ್ ರಿಡ್ಲೆ ಕಡಲಾಮೆ. ಕಾರವಾರ, ಹೊನ್ನಾವರ, ಕುಂದಾಪುರದ ಮರಳಿನಲ್ಲಿ ರಾತ್ರಿ ಹೊತ್ತು ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮುಚ್ಚಿ, ನೀರಿಗೆ ಮರಳುತ್ತಾಳೆ. ದಡ ಹತ್ತುವಾಗ ಮುಖಕ್ಕೆ ಟಾರ್ಚ್ ಬಿದ್ದರೆ, ಜನ ಸುತ್ತುವರಿದರೆ, ಮೊಟ್ಟೆಯಿಡದೆಯೇ ಹಿಂದಿರುಗಬಹುದು. ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಬೆಳಕು ಕಂಡತ್ತ ಓಡುವುದು ಅವುಗಳ ಹುಟ್ಟುಗುಣ. ಕತ್ತಲ ದಡದಲ್ಲಿ ಎಲ್ಲಕ್ಕಿಂತ ಬೆಳಕಾಗಿ ಕಾಣುವುದು ಕಡಲ ಕಡೆಯ ಬಾನಂಚು, ಹಾಗಾಗಿ ದಾರಿ ತಪ್ಪುತ್ತಿರಲಿಲ್ಲ. ಈಗ ಟೆಂಟಿನ ಮುಂದಿನ ಲ್ಯಾಂಪು, ರೆಸಾರ್ಟಿನ ಸಾಲುದೀಪ, ನಾವು ಹಾಕಿದ ಬೆಂಕಿ ಅವುಗಳನ್ನು ನೆಲದ ಕಡೆಗೆ ಕರೆಯುತ್ತವೆ. ದಾರಿ ತಪ್ಪಿದ ಮರಿಗಳು ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತವೆ; ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ. ಅಂಗೈಯಗಲವೂ ಇಲ್ಲದ ಜೀವಗಳವು.

ಹಾಗೆಂದು ಹೋಗಬೇಡಿ ಎನ್ನಲಾರೆ. ಕತ್ತಲ ಕಡಲನ್ನು ಮಕ್ಕಳು ನೋಡಲೇಬೇಕು. ಅನುಮತಿಯಿರುವ ಜಾಗದಲ್ಲೇ ಉಳಿಯಿರಿ. ಟೆಂಟು ಮರಳ ದಂಡೆಯಲ್ಲಿ ಬೇಡ, ತೋಪಿನೊಳಗಿರಲಿ; ಅದರಿಂದ ಆಮೆಯ ದಾರಿಯೂ ತೆರವಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಿಂದ ನೀವೂ ಪಾರಾಗುತ್ತೀರಿ. ಊಟ ಮುಗಿದೊಡನೆ ದೀಪವಾರಿಸಿ. ಟಾರ್ಚ್ ಬೇಕೇಬೇಕೆಂದರೆ ಗಾಜಿಗೆ ಕೆಂಪು ಹಾಳೆ ಕಟ್ಟಿ, ನೆಲಕ್ಕೆ ಹಿಡಿದು ನಡೆಯಿರಿ. ಆಮೆ ಕಂಡರೆ ಮೊಬೈಲು ಹೊರತೆಗೆಯದೆ ದೂರ ಕುಳಿತುಬಿಡಿ. ಮೊಟ್ಟೆಯಿರುವ ಜಾಗಕ್ಕೆ ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಬೇಲಿ ಕಟ್ಟಿ ಕಾಯುತ್ತಾರೆ. ಸಂಜೆ ಬೆಳಕಿರುವಾಗಲೇ ಊರಿನ ಮೀನುಗಾರರನ್ನು ಮಾತಾಡಿಸಿ, ಗೂಡು ಎಲ್ಲೆಲ್ಲಿದೆ ಎಂದು ಕೇಳಿಕೊಂಡು, ಆಮೇಲೆ ಟೆಂಟಿನ ಗೂಟ ಹೊಡೆಯಿರಿ.