ಒಂಟಿ ಹಿರಿಯರ ಮನೆಬಾಗಿಲಿಗೆ ಹೋಗುವವರು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕ ಸಭೆಯೆಂದರೆ ಹೆಚ್ಚು ಅಂಕ ಪಡೆದವರನ್ನು, ಆಟದಲ್ಲಿ ಗೆದ್ದವರನ್ನು ಸನ್ಮಾನಿಸುವ ದಿನ. ಅದು ಆಗಲೇಬೇಕು. ಆದರೆ ಯಾವ ಪ್ರಮಾಣಪತ್ರವೂ ಸಿಗದ ಕೆಲವರನ್ನು ಈ ದಿನ ನೆನೆಯಬೇಕೆಂದು ನನ್ನ ಆಸೆ. ಅವರು ನಮ್ಮ ನಡುವೆಯೇ ಇದ್ದಾರೆ. ಒಂಟಿಯಾಗಿರುವ ಅಜ್ಜ ಅಜ್ಜಿಯರ ಮನೆಗೆ ಹೋಗಿ, ಹತ್ತು ನಿಮಿಷ ಕುಳಿತು, ನಾಲ್ಕು ಮಾತಾಡಿ ಬರುವವರು ಅವರು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಮನೆಗಳು ಬಯಲುಸೀಮೆಯ ಊರುಗಳ ಹಾಗೆ ಒಂದಕ್ಕೊಂದು ತಾಗಿಕೊಂಡಿಲ್ಲ. ತೋಟದ ಅಂಚಿಗೆ ಒಂದು ಮನೆ, ಗುಡ್ಡದ ಆಚೆಗೆ ಇನ್ನೊಂದು. ಪೇಟೆಯ ಗಲ್ಲಿಗಳಲ್ಲಿ ಮನೆಗಳು ಹತ್ತಿರವಿದ್ದರೂ ಒಳಗೆ ಉಳಿದವರು ವಯಸ್ಸಾದವರೇ. ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ಮಳೆಗಾಲ ಬಂತೆಂದರೆ ಕರೆಂಟು ಹೋಗುತ್ತದೆ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆಯುವಂತಿಲ್ಲ. ಅಂಥ ಹೊತ್ತಿನಲ್ಲಿ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎಂಬುದು ಅಕ್ಕಪಕ್ಕದವರಿಗೆ ತಿಳಿದಿರಬೇಕು. ತಿಳಿದಿರಬೇಕಾದರೆ ಬಿಸಿಲಿನ ದಿನಗಳಲ್ಲೇ ಹೋಗಿಬರುವ ರೂಢಿ ಇರಬೇಕು.

ಇಲ್ಲಿ ಒಂದು ಮಾತನ್ನು ಸಂಘದ ಹಿರಿಯರ ಮುಂದೆ ಇಡಲೇಬೇಕು. ಆ ಮಕ್ಕಳನ್ನು ಓದಿಸಿ ಹೊರಗೆ ಕಳಿಸಿದ್ದು ನಮ್ಮಂಥ ಸಂಘಗಳೇ. ನಾವೇ ವಿದ್ಯಾರ್ಥಿವೇತನ ಕೊಟ್ಟೆವು, ನಾವೇ ಬೆನ್ನು ತಟ್ಟಿದೆವು. ಹುಡುಗ ದೊಡ್ಡ ಕೆಲಸ ಹಿಡಿದಾಗ ಹೆಮ್ಮೆಪಟ್ಟ ನಮಗೆ, ಹಿಂದೆ ಉಳಿದ ಅವನ ತಂದೆತಾಯಿಯರ ವಿಷಯದಲ್ಲಿ ಹೊಣೆ ಇಲ್ಲವೇ?

ಇದು ಬರೀ ಬೇಸರದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದಕ್ಕೆ ಸಂಬಂಧಿಸಿದ ಸಾವುಗಳು ವರ್ಷಕ್ಕೆ 8 ಲಕ್ಷ 71 ಸಾವಿರ ಎಂದು ಅಂದಾಜು. ಭಾರತದಲ್ಲಿ 60 ದಾಟಿದವರು 2011ರ ಜನಗಣತಿಯಲ್ಲೇ 10 ಕೋಟಿ ಮೀರಿದ್ದರು.

ಹಾಗಾದರೆ ಏನು ಮಾಡಬಹುದು? ನೆರೆಯ ಕೇರಳವನ್ನು ನೋಡಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ಶಮನಕ್ಕಾಗಿ ವೈದ್ಯರು ಆರಂಭಿಸಿದ ಕೆಲಸ, ಮುಂದೆ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಅಲ್ಲಿ ಸ್ವಯಂಸೇವಕರನ್ನು ಕೇಳಿದ್ದು ಹಣವನ್ನಲ್ಲ, ವಾರಕ್ಕೆ ಕನಿಷ್ಠ ಎರಡು ಗಂಟೆ. ವಿದ್ಯಾರ್ಥಿಗಳು, ಅಂಗಡಿಯವರು, ಕೂಲಿ ಕೆಲಸದವರು, ಗೃಹಿಣಿಯರು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗಳಿಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ಜಾರಿಗೆ ತಂದಿತು.

ನಮ್ಮ ಶಿರಸಿಯಲ್ಲೂ ಕಲಿಯಬೇಕಾದ ಒಂದು ಪಾಠವಿದೆ. 2001ರಲ್ಲಿ ಆರಂಭವಾದ ವನಸ್ತ್ರೀ ಎಂಬ ಮಹಿಳೆಯರ ಬಳಗ ಕೈತೋಟದ ಬೀಜಗಳನ್ನು ಉಳಿಸುವ, ಹಂಚುವ ಕೆಲಸ ಮಾಡುತ್ತಾ ಬಂದಿದೆ. ಹಳೆಯ ತರಕಾರಿ ತಳಿ, ಬೀಜ ಕಾಪಿಡುವ ಬಗೆ ಇವೆಲ್ಲ ಗೊತ್ತಿರುವುದು ವಯಸ್ಸಾದ ಹೆಂಗಸರಿಗೇ. ಬೀಜ ಕೇಳಿಕೊಂಡು ಯಾರಾದರೂ ಬಂದರೆ ಅಜ್ಜಿ ಕೊಡುವವಳಾಗುತ್ತಾಳೆ. ಅವಳಿಗೆ ನಾಳೆಗೊಂದು ಕೆಲಸವಿರುತ್ತದೆ, ಮಾತಿಗೊಂದು ಬೆಲೆಯಿರುತ್ತದೆ. ವಿದ್ಯಾರ್ಥಿಗಳೇ, ಹಿರಿಯರ ಮನೆಗೆ ಹೋಗುವಾಗ ಕೊಡಲು ಮಾತ್ರ ಹೋಗಬೇಡಿ, ಕೇಳಲೂ ಹೋಗಿ. ಹಳೆಯ ಲೆಕ್ಕ, ಹೊಲಿಗೆ, ಅಡುಗೆ, ಊರಿನ ಇತಿಹಾಸ, ಉರ್ದು ಅಕ್ಷರ, ಅಡಿಕೆ ಸುಲಿಯುವ ಕೈಚಳಕ, ಹೀಗೆ ಅವರಲ್ಲಿ ಏನೋ ಒಂದು ಇದ್ದೇ ಇರುತ್ತದೆ.

ಇನ್ನು ಎಚ್ಚರಿಕೆಯ ಮಾತು. ಹಬ್ಬದ ದಿನ ಹತ್ತು ಜನ ಹಣ್ಣಿನ ಬುಟ್ಟಿಯೊಂದಿಗೆ ಹೋಗಿ, ಫೋಟೋ ತೆಗೆಸಿಕೊಂಡು, ಮತ್ತೆ ವರ್ಷವಿಡೀ ಆ ಕಡೆ ಸುಳಿಯದಿದ್ದರೆ ಆ ಮನೆಯ ಮೌನ ಮೊದಲಿಗಿಂತ ಭಾರವಾಗುತ್ತದೆ. ಒಬ್ಬರೇ ಹೋದರೂ ಸಾಕು, ಹೇಳಿದ ದಿನ ಹೋಗಬೇಕು. ಅವರ ಎಟಿಎಂ ಸಂಖ್ಯೆ, ಓಟಿಪಿ ಕೇಳಬಾರದು. ಬೇರೆ ಯಾರಿಗೂ ಹೇಳದಂತೆ ತಿಳಿಸಿಕೊಡಬೇಕು. ಮನೆಯ ಗುಟ್ಟು ಹೊರಗೆ ಹೋಗಬಾರದು. ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಿಂದಲೇ ಕಳಿಸಬಹುದು. ಅದರಲ್ಲಿ ನಿಮ್ಮ ನೆರವು ಅವರಿಗೆ ಒಂದು ದಿನದ ಅಲೆದಾಟ ತಪ್ಪಿಸುತ್ತದೆ.

ತೊಂದರೆ ದೊಡ್ಡದಾದರೆ ದಾರಿಯೂ ಗೊತ್ತಿರಲಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಮಕ್ಕಳು ಅನ್ನ ಹಾಕದೆ ಕೈಬಿಟ್ಟರೆ 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ರಕ್ಷಣೆಯ ಕಾಯ್ದೆಯಡಿ ಜೀವನಾಂಶ ಕೇಳಬಹುದು. ನಮ್ಮ ಮೂರೂ ತಾಲ್ಲೂಕಿನವರು ಶಿರಸಿಯ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಡಬಹುದು. ಆದರೆ ಅರ್ಜಿ ಬರೆಯುವ ಧೈರ್ಯ ಆ ತಾಯಿಗೆ ಬರುವುದು ಪಕ್ಕದಲ್ಲಿ ಒಬ್ಬರು ಕುಳಿತಾಗ ಮಾತ್ರ.

ಶುಕ್ರವಾರದ ನಮಾಜಿಗೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ಎರಡು ವಾರ ಕಾಣಲಿಲ್ಲವೆಂದರೆ ಯಾರೋ ಒಬ್ಬರು ಸೈಕಲ್ ಹತ್ತಿ ವಿಚಾರಿಸಲು ಹೋಗುತ್ತಾರೆ. ಟಪಾಲು ಕೊಡಲು ಬಂದವರು ಮನೆಯೊಳಗೆ ಹಣಕಿ ಕ್ಷೇಮ ಕೇಳುತ್ತಾರೆ. ಆಶಾ ಕಾರ್ಯಕರ್ತೆ ಗುಳಿಗೆ ಕೊಟ್ಟ ಮೇಲೂ ಐದು ನಿಮಿಷ ನಿಲ್ಲುತ್ತಾಳೆ. ಪಕ್ಕದ ಮನೆಯ ಹುಡುಗಿ ಪತ್ರಿಕೆ ಓದಿ ಹೇಳುತ್ತಾಳೆ. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಂಬ ಭೇದವಿಲ್ಲ. ಇವರು ಯಾರೂ ತಮ್ಮನ್ನು ಸ್ವಯಂಸೇವಕರೆಂದು ಕರೆದುಕೊಂಡಿಲ್ಲ. ಆದರೂ ಈ ಸಭೆಯ ಮೊದಲ ಗೌರವ ಅವರಿಗೇ ಸಲ್ಲಬೇಕು.

ಸಂಘಕ್ಕೆ ನನ್ನ ಬೇಡಿಕೆ ಸಣ್ಣದು. ಈ ಮಳೆಗಾಲದ ಮೊದಲು ನಮ್ಮ ನಮ್ಮ ಓಣಿ, ಊರುಗಳಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡೋಣ. ಅವರ ಒಪ್ಪಿಗೆ ಪಡೆದು, ಪ್ರತಿ ಮನೆಗೆ ಇಬ್ಬರು ಸದಸ್ಯರು ಮತ್ತು ಒಬ್ಬ ವಿದ್ಯಾರ್ಥಿಯ ಹೆಸರು ಬರೆಯೋಣ. ವಾರಕ್ಕೊಂದು ಭೇಟಿ, ನಡುವೆ ಒಂದು ಫೋನ್ ಕರೆ. ಮುಂದಿನ ವಾರ್ಷಿಕ ವರದಿಯಲ್ಲಿ ಉತ್ತೀರ್ಣರಾದವರ ಸಂಖ್ಯೆಯ ಕೆಳಗೆ, ನಾವು ತಪ್ಪದೆ ಹೋದ ಮನೆಗಳ ಸಂಖ್ಯೆಯೂ ಅಚ್ಚಾಗಲಿ.