ದಾಳಿಯ ಮರುದಿನ ಆಸ್ಪತ್ರೆಯಲ್ಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದ ಬಂದಿರುವ ವೈದ್ಯರೇ, ಆಪ್ತಸಮಾಲೋಚಕರೇ, ಆಶಾ ಕಾರ್ಯಕರ್ತೆಯರೇ, ಅಧ್ಯಾಪಕ ಮಿತ್ರರೇ,

ಮಾದಕ ವ್ಯಸನ ಎಂದೊಡನೆ ಮಹಾನಗರದ ಗಾಂಜಾ, ಎಂಡಿಎಂಎ ಸುದ್ದಿಗಳೇ ನೆನಪಾಗುತ್ತವೆ. ನಮ್ಮ ಸೀಮೆಯ ಸಂಕಟ ಬೇರೆ. ಕಲ್ಲಿನ ಗಣಿಯಲ್ಲಿ ದಿನವಿಡೀ ದೂಳು ಕುಡಿಯುವವರು, ಸಿಮೆಂಟ್ ಲಾರಿ ಓಡಿಸುವವರು, ತೊಗರಿ ರಾಶಿ ಮುಗಿಸಿ ಹೈದರಾಬಾದಿಗೆ ದುಡಿಯಲು ಹೋಗುವವರು ನಮ್ಮ ರೋಗಿಗಳು. ಅವರ ಕೈಗೆ ಸುಲಭವಾಗಿ ಸಿಗುವುದು ಅಗ್ಗದ ಮದ್ಯ ಮತ್ತು ಕಲಬೆರಕೆ ಸೇಂದಿ. ಸೇಂದಿ ಎಂದು ಕದ್ದು ಮಾರುವುದರಲ್ಲಿ ಈಚಲು ಮರದ ರಸ ಎಷ್ಟೋ ಸಲ ಹೆಸರಿಗಷ್ಟೇ. ಅಮಲು ಬರುವುದು ಸಿಎಚ್ ಪೌಡರಿನಿಂದ, ಅಂದರೆ ಕ್ಲೋರಲ್ ಹೈಡ್ರೇಟಿನಿಂದ. ಇದು 1869ರಲ್ಲಿ ನಿದ್ರೆಯ ಔಷಧಿಯಾಗಿ ಬಳಕೆಗೆ ಬಂದ ರಾಸಾಯನಿಕ. ಕೆಲವೆಡೆ ಅಲ್ಪ್ರಜೋಲಾಮ್, ಡಯಾಜೆಪಾಮ್ ಕೂಡ ಬೆರೆಸುತ್ತಾರೆ. ಕುಡಿಯುವವನಿಗೆ ತಾನು ಏನು ಕುಡಿಯುತ್ತಿದ್ದೇನೆಂಬುದೇ ಗೊತ್ತಿರುವುದಿಲ್ಲ.

ಇಂಥ ಪದಾರ್ಥಕ್ಕೆ ಒಗ್ಗಿಹೋದ ಮಿದುಳಿಗೆ ಅದು ಒಮ್ಮೆಲೇ ತಪ್ಪಿದರೆ ಏನಾಗುತ್ತದೆ? 2015ರಲ್ಲಿ ಗಡಿಯಾಚೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿ ಬಿಗಿಯಾದಾಗ ನಿಜಾಮಾಬಾದಿನಂಥ ಜಿಲ್ಲೆಗಳ ಆಸ್ಪತ್ರೆಗಳಿಗೆ ಜನ ಹಿಂಡುಹಿಂಡಾಗಿ ಬಂದರು. ಕೆಲವರಿಗೆ ಫಿಟ್ಸ್, ಕೆಲವರಿಗೆ ಕೈನಡುಕ, ಬಡಬಡಿಕೆ. ನಮ್ಮ ದವಾಖಾನೆಗಳಿಗೂ ತಾಯಂದಿರು ಬರುತ್ತಾರೆ: "ಬಿಟ್ಟು ಎರಡು ದಿನ ಆಯ್ತ್ರಿ, ಗ್ವಾಡಿ ಮ್ಯಾಲ ಹುಳ ಹರದಾಡ್ಲತ್ತಾವ ಅಂತಾನ್ರಿ." ಊರಿನವರು ಅದನ್ನು ಗಾಳಿ ಸೋಕಿದ್ದು ಎನ್ನುತ್ತಾರೆ. ತಾಯತ ಕಟ್ಟಿಸುವಷ್ಟರಲ್ಲಿ ಜೀವಕ್ಕೇ ಅಪಾಯ ಬಂದಿರುತ್ತದೆ. ಕುಡಿತ ನಿಲ್ಲಿಸಿದ ಎರಡು-ಮೂರು ದಿನಗಳಲ್ಲಿ ಕಾಣುವ ಈ ಸನ್ನಿಗೆ ಚಿಕಿತ್ಸೆ ಇದೆ: ವೈದ್ಯರ ನಿಗಾದಲ್ಲಿ ಪ್ರಮಾಣ ಇಳಿಸುತ್ತ ಕೊಡುವ ಬೆಂಜೊಡಯಾಜೆಪೀನ್ ಮತ್ತು ಥಯಾಮಿನ್. ಸುಸ್ತಾಗಿದ್ದಾನೆಂದು ಥಯಾಮಿನ್ ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಿಗೂ ಇದು ತಿಳಿದಿರಬೇಕು.

ಅಮಲು ಇಳಿಸುವುದು ವಾರ, ಹತ್ತು ದಿನದ ಕೆಲಸ. ನಾವು ತಪ್ಪುವುದು ಅದರ ನಂತರ. "ಆರಾಮಾಗ್ಯಾನ" ಎಂದು ಮನೆಗೆ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಚಿಕಿತ್ಸೆ ಕನಿಷ್ಠ ಮೂರು ತಿಂಗಳಾದರೂ ಮುಂದುವರಿಯದೆ ಫಲ ನಿಲ್ಲುವುದಿಲ್ಲ. ಎಷ್ಟೋ ಜನರಿಗೆ ವರ್ಷಗಳೇ ಬೇಕು. ಮತ್ತೆ ಕುಡಿಯುವ ಗಳಿಗೆ ಎಲ್ಲಿಂದಲೋ ಬರುವುದಲ್ಲ. ಪಗಾರದ ಸಂಜೆ, ಜಾತ್ರೆ, ಗುಳೆ ಹೋದ ಮೊದಲ ವಾರ: ಇವೆಲ್ಲ ಮೊದಲೇ ಗೊತ್ತಿರುವಂಥವು. ಅಂದು ಯಾರ ಜೊತೆ ಇರಬೇಕು, ದುಡ್ಡು ಯಾರ ಕೈಗೆ ಹೋಗಬೇಕು ಎಂದು ರೋಗಿಯ ಜೊತೆ ಕುಳಿತು ಯೋಚಿಸುವುದೇ ಆಪ್ತಸಮಾಲೋಚನೆ. ಹಾಗಿದ್ದೂ ಜಾರಿದರೆ ಬೈದು ಕಳಿಸದೆ ಚಿಕಿತ್ಸೆಯನ್ನು ಬದಲಿಸಿ ನೋಡಬೇಕು.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಲೇಬೇಕು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡುವ ಚಟ ಬಿಡಿಸುವ ಪುಡಿ ಚಿಕಿತ್ಸೆಯಲ್ಲ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ತಿಳಿಯದೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದವರು ಹಟಮಾರಿಗಳೆಂದು ನಾನು ಒಪ್ಪಲಾರೆ. ಚಿಂಚೋಳಿಯ ತಾಂಡಾದವನು ಕಲಬುರಗಿಗೆ ಬಂದುಹೋದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಚಿಕಿತ್ಸೆಯೇ ತಾಲ್ಲೂಕಿಗೆ ಇಳಿದು ಬರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ಆಶಾ ಕಾರ್ಯಕರ್ತೆಯ ಫೋನಿನಲ್ಲಿರಲಿ.

ಅಬಕಾರಿ ದಾಳಿ ನಡೆಯಲಿ, ವಿಷ ಮಾರುವವರು ಜೈಲಿಗೆ ಹೋಗಲಿ. ಆದರೆ ಒಂದು ಹಳ್ಳಿಯ ಸೇಂದಿ ನಿಂತ ದಿನವೇ ಆ ತಾಲ್ಲೂಕಿನ ಆಸ್ಪತ್ರೆಗೆ ಸುದ್ದಿ ಮುಟ್ಟಲಿ. ಹಾಸಿಗೆ, ಥಯಾಮಿನ್, ತಿಳಿದ ವೈದ್ಯರು ಅಲ್ಲಿ ಸಿದ್ಧವಿರಲಿ. ಸಂಜೆ ನೀವು ಅಂಗೀಕರಿಸುವ ನಿರ್ಣಯಗಳಲ್ಲಿ ಇದು ಮೊದಲನೆಯದಾಗಲಿ ಎಂದು ಕೇಳಿಕೊಳ್ಳುತ್ತೇನೆ.